ವಿಮಾನದಲ್ಲಿ ಅಕ್ಕಪಕ್ಕದವರೊಡನೆ: ಮನೆಯಿಂದ ಲಗೇಜ್ ಬೆಲ್ಟಿನವರೆಗೆ

2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಶುರುವಾಗುವ ತನಕ ನಮ್ಮ ಕಡೆಯ ಬಹುಪಾಲು ಮನೆಗಳಿಗೆ ವಿಮಾನವೆಂದರೆ ಅಂಗಳದಲ್ಲಿ ನಿಂತು ತಲೆಯೆತ್ತಿ ನೋಡುವ ವಸ್ತುವಾಗಿತ್ತು. ಈಗ ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ, ಮೈಸೂರು, 2023ರಿಂದ ಶಿವಮೊಗ್ಗ, ಹೀಗೆ ಊರೂರಿಗೂ ವಿಮಾನ ನಿಲ್ದಾಣ ಬಂದಿದೆ. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ತಾಯಿ, ಮೊದಲ ಕೆಲಸಕ್ಕೆ ಪುಣೆಗೆ ಹೊರಟ ಹುಡುಗ, ಕಾಶಿಯಾತ್ರೆಯ ತಂಡ, ವಾರಕ್ಕೆರಡು ಸಲ ಮುಂಬೈಗೆ ಹೋಗಿಬರುವ ವ್ಯಾಪಾರಿ, ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಇದು ನಿಜಕ್ಕೂ ಸಂತೋಷದ ಸಂಗತಿ.

ವಿಮಾನದೊಳಗೆ ಜಗಳವಾದ ವಿಡಿಯೋ ಹರಿದಾಡಿದಾಗಲೆಲ್ಲ "ಸಂಸ್ಕಾರ ಇಲ್ಲದ ಜನ" ಎಂದು ಬೈಯುವವರಿದ್ದಾರೆ. ನಾನು ಆ ಮಾತನ್ನು ಒಪ್ಪುವುದಿಲ್ಲ. ಹೀಗೆ ಮಾಡಿ, ಹಾಗೆ ಮಾಡಬೇಡಿ ಎಂದು ಘೋಷಣೆಯಲ್ಲಿ ಹೇಳುತ್ತಾರೆಯೇ ಹೊರತು ಯಾಕೆ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಕಾರಣ ಗೊತ್ತಾದರೆ ನಮ್ಮ ಜನ ತಾವಾಗಿ ನಡೆದುಕೊಳ್ಳುತ್ತಾರೆ. ಇದಕ್ಕೂ ಇಂಗ್ಲಿಷ್ ಬರುವುದಕ್ಕೂ, ಎಷ್ಟು ಸಲ ಹಾರಿದ್ದೀರಿ ಎಂಬುದಕ್ಕೂ ಸಂಬಂಧವೇ ಇಲ್ಲ. ಆದ್ದರಿಂದ ಪ್ರಯಾಣದ ಕ್ರಮದಲ್ಲೇ, ಒಂದೊಂದಕ್ಕೂ ಕಾರಣ ಕೊಟ್ಟು ಬರೆದಿದ್ದೇನೆ.

ಹಿಂದಿನ ದಿನ, ಮನೆಯಲ್ಲಿ

ವಿಮಾನದೊಳಗಿನ ಅರ್ಧ ಗೊಂದಲ ಮನೆಯಲ್ಲಿ ಪೆಟ್ಟಿಗೆ ತುಂಬುವಾಗಲೇ ಶುರುವಾಗುತ್ತದೆ. ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯವಾಗಿ ಕೈಚೀಲಕ್ಕೆ 7 ಕೆಜಿ, ಚೆಕ್-ಇನ್ ಲಗೇಜಿಗೆ 15 ಕೆಜಿ ಮಿತಿ. ಮನೆಯಲ್ಲೇ ತೂಕ ನೋಡಿಕೊಳ್ಳಿ. ಕೌಂಟರಿನ ಮುಂದೆ ಪೆಟ್ಟಿಗೆ ಬಿಚ್ಚಿ ಸೀರೆ, ಚಕ್ಕುಲಿ ಡಬ್ಬಿಗಳನ್ನು ಅದರಿಂದ ಇದಕ್ಕೆ ಬದಲಿಸುತ್ತ ಕೂತರೆ ಹಿಂದೆ ನಿಂತವರ ಸಮಯವೂ ಹೋಗುತ್ತದೆ, ನಿಮಗೂ ಮುಜುಗರ.

ಊರಿನಿಂದ ತಿಂಡಿ ಒಯ್ಯುವುದು ನಮ್ಮ ಪ್ರೀತಿಯ ಅಭ್ಯಾಸ. ಅದನ್ನು ಬಿಡಬೇಕಿಲ್ಲ, ಎರಡು ವಿಷಯ ತಿಳಿದಿದ್ದರೆ ಸಾಕು. ಒಂದು, ಒಣ ಕೊಬ್ಬರಿ. ಅದರಲ್ಲಿ ಎಣ್ಣೆಯ ಅಂಶ ಹೆಚ್ಚಿರುವುದರಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿದೆ. ತಿಪಟೂರಿನ ಕೊಬ್ಬರಿಯನ್ನು ಎಷ್ಟೇ ಆಸೆಯಿಂದ ಕಟ್ಟಿಕೊಟ್ಟಿದ್ದರೂ ನಿಲ್ದಾಣದಲ್ಲಿ ತೆಗೆಸುತ್ತಾರೆ. ಎರಡು, ಉಪ್ಪಿನಕಾಯಿ, ತುಪ್ಪ, ಗೊಜ್ಜು. ಇವನ್ನು ಚೆಕ್-ಇನ್ ಪೆಟ್ಟಿಗೆಯಲ್ಲಿಡಿ. ಡಬ್ಬಿಯ ಮುಚ್ಚಳಕ್ಕೆ ಟೇಪು ಸುತ್ತಿ ಎರಡು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ. ಸೋರಿದ ಮಾವಿನಕಾಯಿ ಎಣ್ಣೆ ನಿಮ್ಮ ಬಟ್ಟೆಗೆ ಮಾತ್ರವಲ್ಲ, ಪಕ್ಕದ ಪೆಟ್ಟಿಗೆಗೂ ಇಳಿಯುತ್ತದೆ. ವಿದೇಶಕ್ಕೆ ಹೊರಟರೆ ಕೈಚೀಲದಲ್ಲಿ ದ್ರವ, ಕೆನೆಯಂಥ ವಸ್ತುಗಳು ತಲಾ 100 ಮಿಲಿ ಮೀರಬಾರದು.

ಪವರ್ ಬ್ಯಾಂಕ್ ವಿಷಯದಲ್ಲಿ ಇದಕ್ಕೆ ತದ್ವಿರುದ್ಧ: ಅದು ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಪೆಟ್ಟಿಗೆಗೆ ಹಾಕಲೇಬಾರದು. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಕ್ಯಾಬಿನ್ನಿನಲ್ಲಿ ಯಾರಾದರೂ ನೋಡಿ ಆರಿಸಬಹುದು. ಕೆಳಗಿನ ಸರಕಿನ ಭಾಗದಲ್ಲಿ ಕೈಗೆ ಸಿಗುವುದಿಲ್ಲ. ಮಿತಿ 100 ವ್ಯಾಟ್-ಅವರ್, ಅಂದರೆ ಸಾಮಾನ್ಯವಾಗಿ ಬಳಸುವ 20,000 ಎಂಎಎಚ್ ಪವರ್ ಬ್ಯಾಂಕ್ ಅದರೊಳಗೇ ಬರುತ್ತದೆ. ತಲೆಯ ಮೇಲಿನ ಗೂಡಿನಲ್ಲೂ ಇಡದೆ, ಕಣ್ಣಿಗೆ ಕಾಣುವಂತೆ ಮುಂದಿನ ಸೀಟಿನ ಜೇಬಿನಲ್ಲೋ ಕಾಲ ಬಳಿಯ ಚೀಲದಲ್ಲೋ ಇಟ್ಟುಕೊಳ್ಳಿ. 2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಗಿಮ್‌ಹೇ ನಿಲ್ದಾಣದಲ್ಲಿ ಹೊರಡಲು ನಿಂತಿದ್ದ ವಿಮಾನವೊಂದು ಸುಟ್ಟುಹೋಯಿತು. ಬೆಂಕಿ ಹುಟ್ಟಿದ್ದು ಗೂಡಿನಲ್ಲಿದ್ದ ಪವರ್ ಬ್ಯಾಂಕಿನಿಂದ ಇರಬಹುದೆಂದು ತನಿಖೆ ಮಾಡಿದವರು ಹೇಳಿದರು. ಅದೃಷ್ಟಕ್ಕೆ ಎಲ್ಲರೂ ಹೊರಗೆ ಬಂದರು.

ಮಧುಮೇಹ, ಬಿಪಿ ಮಾತ್ರೆಗಳು, ಕನ್ನಡಕ, ಒಂದು ಶಾಲು ಕೈಚೀಲದಲ್ಲಿರಲಿ. ಎತ್ತರದಲ್ಲಿ ಚಳಿಯಾಗುತ್ತದೆ.

ತಪಾಸಣೆಯ ಸಾಲು

ಸಾಲಿನಲ್ಲಿ ನಿಂತಿರುವಾಗಲೇ ಬೆಲ್ಟು, ನಾಣ್ಯ, ಮೊಬೈಲು, ಕೈಗಡಿಯಾರ ಬಿಚ್ಚಿ ಚೀಲದೊಳಗೆ ಹಾಕಿಕೊಂಡರೆ ನಿಮ್ಮ ಸರದಿ ಬಂದಾಗ ಟ್ರೇಯಲ್ಲಿ ಲ್ಯಾಪ್‌ಟಾಪ್ ಇಡುವುದಷ್ಟೇ ಉಳಿಯುತ್ತದೆ. ಆಚೆ ಬದಿಗೆ ಹೋದ ಮೇಲೆ ಟ್ರೇಯನ್ನು ಎತ್ತಿಕೊಂಡು ಪಕ್ಕದ ಬೆಂಚಿಗೆ ಸರಿದು ಬೆಲ್ಟು ಕಟ್ಟಿಕೊಳ್ಳಿ. ರೋಲರಿನ ಬಳಿಯೇ ನಿಂತು ಶೂ ಲೇಸು ಕಟ್ಟಿಕೊಳ್ಳುವವರಿಂದಲೇ ಇಡೀ ಸಾಲು ನಿಲ್ಲುವುದು.

ತಪಾಸಣೆ ಮಾಡುವ ಸಿಐಎಸ್‌ಎಫ್ (ಕೇಂದ್ರ ಕೈಗಾರಿಕಾ ಭದ್ರತಾ ಪಡೆ) ಸಿಬ್ಬಂದಿಯ ಎದುರು, ಕೌಂಟರಿನಲ್ಲಿ, ವಿಮಾನದೊಳಗೆ, ಎಲ್ಲಿಯೂ ಬಾಂಬಿನ ಮಾತನ್ನು ತಮಾಷೆಗೂ ಆಡಬೇಡಿ. ಕೇಳಿದವರು ಅದನ್ನು ನಿಜವೆಂದೇ ತೆಗೆದುಕೊಳ್ಳಬೇಕು, ಅವರಿಗೆ ಬೇರೆ ದಾರಿ ಇಲ್ಲ. ನಿಮ್ಮ ಮೇಲೆ ಪೊಲೀಸ್ ಕೇಸು ಒಂದು ಕಡೆ; ಇಡೀ ವಿಮಾನದ ಜನ ಇಳಿದು, ಲಗೇಜೆಲ್ಲ ಮತ್ತೆ ತಪಾಸಣೆಯಾಗಿ ಗಂಟೆಗಟ್ಟಲೆ ಕಾಯಬೇಕಾಗುತ್ತದೆ.

ಗಾಲಿಕುರ್ಚಿಯ ವಿಷಯ

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ವಿದೇಶಕ್ಕೆ ಹೋಗುವ ಅಪ್ಪ ಅಮ್ಮಂದಿರಿಗೆ ಗಾಲಿಕುರ್ಚಿ ಬುಕ್ ಮಾಡುವ ರೂಢಿ ಬೆಳೆದಿದೆ. ಕಾಲಿಗೆ ಶಕ್ತಿಯಿಲ್ಲದವರಿಗೆ, ಮಂಡಿನೋವಿನವರಿಗೆ, ಆಪರೇಷನ್ ಆದವರಿಗೆ ಅದು ಹಕ್ಕು; ಸಂಕೋಚವಿಲ್ಲದೆ ಕೇಳಿ. ಟಿಕೆಟ್ ಮಾಡುವಾಗಲೇ, ತಪ್ಪಿದರೆ ಎರಡು ದಿನ ಮೊದಲಾದರೂ ಹೇಳಿ. ಆದರೆ ಚೆನ್ನಾಗಿ ನಡೆಯಬಲ್ಲ ಹಿರಿಯರಿಗೆ "ಭಾಷೆ ಬರಲ್ಲ, ದಾರಿ ಗೊತ್ತಾಗಲ್ಲ, ಕ್ಯೂ ತಪ್ಪುತ್ತೆ" ಎಂದು ಕುರ್ಚಿ ಮಾಡಿಸುವುದೂ ನಡೆಯುತ್ತಿದೆ. 2024ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನಿಂದ ಮುಂಬೈಗೆ ಬಂದಿಳಿದ ದಂಪತಿಗೆ ಕುರ್ಚಿಗಳ ಕೊರತೆಯಿಂದ ಒಂದೇ ಕುರ್ಚಿ ಸಿಕ್ಕಿತು. ಹೆಂಡತಿಯನ್ನು ಕೂರಿಸಿ ಜೊತೆಗೆ ನಡೆದುಹೋದ 80 ವರ್ಷದ ಹಿರಿಯರು ಕುಸಿದುಬಿದ್ದು ತೀರಿಕೊಂಡರು. ವಿಮಾನ ಸಂಸ್ಥೆಗೆ 30 ಲಕ್ಷ ರೂಪಾಯಿ ದಂಡ ಬಿತ್ತು. ಸಂಸ್ಥೆಯ ಹೊಣೆ ಇದ್ದೇ ಇದೆ. ಆದರೂ ಬೇಡದಿದ್ದವರು ಕೂತ ಒಂದೊಂದು ಕುರ್ಚಿಯೂ ಬೇಕಿದ್ದವರಿಗೆ ಸಿಗದ ಕುರ್ಚಿ ಎಂಬುದು ನನ್ನ ಮನಸ್ಸಿನಿಂದ ಹೋಗುವುದಿಲ್ಲ.

ಅಪ್ಪ ಅಮ್ಮನಿಗೆ ಬೇಕಿರುವುದು ದಾರಿ ತೋರಿಸುವವರು ಮಾತ್ರವಾದರೆ ಕೆಲವು ವಿಮಾನ ಸಂಸ್ಥೆಗಳಲ್ಲಿ ಅದಕ್ಕೆಂದೇ ಬೇರೆ ಸಹಾಯ ಸೇವೆ ಇದೆ, ಕೇಳಿ ನೋಡಿ. ಅದಿಲ್ಲದಿದ್ದರೆ ಒಂದು ಹಾಳೆಯಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ವಿಮಾನದ ಸಂಖ್ಯೆ, ಇಳಿಯುವ ಊರು, ಮುಂದಿನ ವಿಮಾನ, ನಿಮ್ಮ ಫೋನ್ ನಂಬರು ಬರೆದುಕೊಡಿ. ಫ್ರಾಂಕ್‌ಫರ್ಟಿನಲ್ಲೋ ದೋಹಾದಲ್ಲೋ ವಿಮಾನ ಬದಲಿಸುವವರಿಗೆ ಈ ಹಾಳೆ ದೊಡ್ಡ ಬಲ. ಅಂಥ ಹಾಳೆ ಹಿಡಿದು ನಿಂತ ಹಿರಿಯರು ಕಂಡರೆ, ದಾರಿ ಬಲ್ಲ ನೀವು "ಬನ್ನಿ ಅಮ್ಮ, ನಾನೂ ಅಲ್ಲಿಗೇ ಹೋಗ್ತಿರೋದು" ಎಂದು ಜೊತೆಗೆ ಕರೆದುಕೊಂಡು ಹೋಗಿ.

ಹತ್ತುವಾಗ

ನಮಗೆಲ್ಲ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದು ಅಭ್ಯಾಸ. ಆ ಅವಸರವನ್ನು ಗೇಟಿನ ಹೊರಗೇ ಬಿಡಬಹುದು, ಯಾಕೆಂದರೆ ಸೀಟು ನಂಬರು ಬೋರ್ಡಿಂಗ್ ಪಾಸಿನಲ್ಲಿ ಅಚ್ಚಾಗಿದೆ. ಅದೇ ಪಾಸಿನಲ್ಲಿರುವ ನಿಮ್ಮ ವಲಯದ (ಝೋನ್) ಸಂಖ್ಯೆ ಕರೆದಾಗ ಎದ್ದರೆ ಸಾಕು. ಆದರೆ ಗೇಟು ಸಾಮಾನ್ಯವಾಗಿ ಹೊರಡುವ ಸಮಯಕ್ಕೆ 25 ನಿಮಿಷ ಮೊದಲೇ ಮುಚ್ಚುತ್ತದೆ ಎಂಬುದು ನೆನಪಿರಲಿ. ಕಾಫಿ ಕುಡಿಯುತ್ತ ಕೂತು, ಹೆಸರು ಕೂಗಿಸಿಕೊಂಡು ಕೊನೆಯಲ್ಲಿ ಓಡಿಬರುವುದೂ ಒಳಗೆ ಕೂತವರಿಗೆಲ್ಲ ಕೊಡುವ ಕಷ್ಟವೇ.

ಒಳಗಿನ ನಡುದಾರಿ ಅರ್ಧ ಮೀಟರಿನಷ್ಟೂ ಅಗಲವಿಲ್ಲ. ಒಬ್ಬರು ಅಲ್ಲಿ ನಿಂತು ಚೀಲದಿಂದ ಇಯರ್‌ಫೋನ್, ನೀರಿನ ಬಾಟಲಿ, ಶಾಲು ಒಂದೊಂದಾಗಿ ಹುಡುಕಿ ತೆಗೆಯುತ್ತಿದ್ದರೆ ಹಿಂದೆ ಏಣಿಯ ಮೇಲೆ ಬಿಸಿಲಲ್ಲೋ ಮಳೆಯಲ್ಲೋ ಐವತ್ತು ಜನ ನಿಂತಿರುತ್ತಾರೆ. ಹೀಗೆ ಮಾಡಿ: ಹಾರಾಟದಲ್ಲಿ ಬೇಕಾದ ಸಣ್ಣ ಸಾಮಾನನ್ನು ಗೇಟಿನ ಬಳಿ ಕಾಯುವಾಗಲೇ ತೆಗೆದು ಕೈಯಲ್ಲಿ ಹಿಡಿದುಕೊಳ್ಳಿ. ನಿಮ್ಮ ಸಾಲು ಬಂದ ಕೂಡಲೇ ಚೀಲ ಮೇಲಿಟ್ಟು ಸೀಟುಗಳ ನಡುವೆ ಸರಿದುಬಿಡಿ. ಚೀಲ ಹಿಡಿಸದಿದ್ದರೆ ಮೊದಲು ಪಕ್ಕಕ್ಕೆ ಸರಿದು ಹಿಂದಿನವರನ್ನು ಬಿಟ್ಟು ಆಮೇಲೆ ನೋಡಿ. ಚಕ್ರದ ಪೆಟ್ಟಿಗೆ ಗೂಡಿನೊಳಗೆ ಉದ್ದುದ್ದಕ್ಕೆ ಹೋಗಬೇಕು, ಅಡ್ಡ ಮಲಗಿಸಿದರೆ ಇಬ್ಬರ ಜಾಗ ತಿನ್ನುತ್ತದೆ. ಲ್ಯಾಪ್‌ಟಾಪ್ ಚೀಲ, ವ್ಯಾನಿಟಿ ಬ್ಯಾಗು ಮುಂದಿನ ಸೀಟಿನ ಕೆಳಗೆ. ಬೇರೆಯವರ ಚೀಲ ಸರಿಸಬೇಕಾದರೆ "ಇದು ಯಾರದು, ಸ್ವಲ್ಪ ಸರಿಸಲಾ?" ಎಂದು ಕೇಳಿ ಮುಟ್ಟಿ, ಒಳಗೆ ಗಾಜಿನ ವಸ್ತು ಇರಬಹುದು, ದೇವರ ವಿಗ್ರಹ ಇರಬಹುದು.

ಸಣ್ಣ ಊರುಗಳಿಗೆ ಹೋಗುವ ಎಟಿಆರ್ ಎಂಬ ಚಿಕ್ಕ ವಿಮಾನಗಳಲ್ಲಿ ಹತ್ತುವುದು ಹಿಂದಿನ ಬಾಗಿಲಿನಿಂದ, ಗೂಡುಗಳೂ ಚಿಕ್ಕವು. ದೊಡ್ಡ ಕೈಪೆಟ್ಟಿಗೆಯನ್ನು ಸಿಬ್ಬಂದಿ ಏಣಿಯ ಬಳಿಯೇ ಕೇಳಿ ತೆಗೆದುಕೊಂಡರೆ ವಾದ ಬೇಡ.

ಸೀಟು ಬದಲಿಸಿಕೊಳ್ಳುವ ಮಾತು

ನಂಬರು ನೋಡದೆ ಕಿಟಕಿ ಪಕ್ಕ ಕೂತುಬಿಡುವುದು, ಆ ಸೀಟಿನವರು ಬಂದಾಗ "ಅಲ್ಲೇ ಕೂತ್ಕೊಳಿ, ಏನಾಗುತ್ತೆ" ಎನ್ನುವುದು ಸರಿಯಲ್ಲ. ಕಿಟಕಿಗೋ ಕಾಲು ಚಾಚುವ ಜಾಗಕ್ಕೋ ಅವರು ಹೆಚ್ಚು ಹಣ ಕೊಟ್ಟಿರಬಹುದು. ಬದಲಾವಣೆ ಬೇಕಿದ್ದರೆ ಕೂರುವ ಮುಂಚೆ ಕೇಳಿ, ಕಾರಣ ಹೇಳಿ, ನಿಮ್ಮದು ಯಾವ ಸೀಟು ಎಂದು ಮೊದಲೇ ತಿಳಿಸಿ: "ಸರ್, ನಮ್ಮಮ್ಮ ಮೊದಲ ಸಲ ಬರ್ತಿದ್ದಾರೆ, ಸ್ವಲ್ಪ ಹೆದರಿಕೊಂಡಿದ್ದಾರೆ. ನಂದು ಮುಂದಿನ ಸಾಲಲ್ಲಿ ಕಿಟಕಿ ಸೀಟು. ನಿಮಗೆ ತೊಂದರೆ ಇಲ್ಲ ಅಂದ್ರೆ ಬದಲಾಯಿಸಿಕೊಳ್ಳಬಹುದಾ?" ನೀವು ಕೊಡುವ ಸೀಟು ಕೇಳುವ ಸೀಟಿಗೆ ಸಮನಾಗಿರಬೇಕು ಇಲ್ಲವೇ ಮೇಲಾಗಿರಬೇಕು. ಕೊನೆ ಸಾಲಿನ ನಡುವಿನ ಸೀಟು ಕೊಟ್ಟು ಮುಂದಿನ ಕಿಟಕಿ ಕೇಳುವುದು ನ್ಯಾಯವಲ್ಲ. ಅವರು "ಇಲ್ಲ" ಎಂದರೆ ಅಲ್ಲಿಗೆ ಮುಗಿಯಿತು. ಮುಖ ಸಿಂಡರಿಸಿಕೊಂಡು ಎರಡು ತಾಸು ಪಕ್ಕದಲ್ಲಿ ಕೂರುವುದು ಬೇಡ.

ತುರ್ತು ಬಾಗಿಲಿನ ಸಾಲಿನಲ್ಲಿ ಮಾತ್ರ ಸಿಬ್ಬಂದಿಯನ್ನು ಕೇಳದೆ ಯಾರೂ ಬದಲಾಯಿಸಿಕೊಳ್ಳಬಾರದು. ಬಾಗಿಲು ತೆರೆಯುವ ಶಕ್ತಿ ಇರುವವರನ್ನೇ ನೋಡಿ ಅಲ್ಲಿ ಕೂರಿಸಿರುತ್ತಾರೆ.

ಮೊಣಕೈ, ಮೊಣಕಾಲು

ಕಿಟಕಿಯವರಿಗೆ ಒರಗಲು ಗೋಡೆ ಇದೆ, ದಾರಿ ಪಕ್ಕದವರಿಗೆ ಕಾಲು ಸ್ವಲ್ಪ ಚಾಚಲು ಜಾಗವಿದೆ, ನಡುವಿನವರಿಗೆ ಎರಡೂ ಇಲ್ಲ. ಹಾಗಾಗಿ ಎರಡೂ ಕಡೆಯ ಕೈಯಾಸರೆ ನಡುವಿನವರಿಗೆ ಬಿಟ್ಟುಕೊಡುವುದು ಒಳ್ಳೆಯ ಪದ್ಧತಿ. ಸೀಟು ಹಿಂದಕ್ಕೆ ಒರಗಿಸುವ ಮುಂಚೆ ಒಮ್ಮೆ ತಿರುಗಿ ನೋಡಿ. ಹಿಂದಿನವರ ಟ್ರೇ ಮೇಲೆ ಬಿಸಿ ಚಹಾ ಇರಬಹುದು, ಲ್ಯಾಪ್‌ಟಾಪಿನ ಪರದೆ ಸಿಕ್ಕಿಕೊಳ್ಳಬಹುದು. ಊಟದ ಹೊತ್ತಿಗೆ ನೆಟ್ಟಗೆ ಮಾಡಿಕೊಳ್ಳಿ. ಏಳುವಾಗ ಮುಂದಿನ ಸೀಟಿನ ತಲೆಭಾಗ ಹಿಡಿದು ಜಗ್ಗಿದರೆ ನಿದ್ದೆಯಲ್ಲಿದ್ದವರು ಬೆಚ್ಚಿ ಏಳುತ್ತಾರೆ. ನಿಮ್ಮದೇ ಕೈಯಾಸರೆ ಊರಿ ಏಳಿ. ಚಪ್ಪಲಿ ಬಿಡಬಹುದು, ಆದರೆ ಕಾಲನ್ನು ಮುಂದಿನವರ ಕೈಯಾಸರೆಯ ಮೇಲೆ ಇಡಬೇಡಿ, ಎದುರಿನ ಗೋಡೆಗೂ ಒರಗಿಸಬೇಡಿ.

ಮೊಬೈಲು ಸೀಟಿನ ಸಂದಿಗೆ ಬಿದ್ದರೆ ಸೀಟು ಅಲ್ಲಾಡಿಸಿ ಹುಡುಕಬೇಡಿ. ಒಳಗಿನ ಲೋಹದ ಭಾಗಕ್ಕೆ ಸಿಕ್ಕಿ ಬ್ಯಾಟರಿ ಜಜ್ಜಿದರೆ ಬೆಂಕಿ ಬರಬಹುದು. ತಲೆಯ ಮೇಲಿನ ಗುಂಡಿ ಒತ್ತಿ ಸಿಬ್ಬಂದಿಯನ್ನು ಕರೆಯಿರಿ.

ಸಿಬ್ಬಂದಿಯೊಡನೆ

ಗಗನಸಖಿಯರು, ಸಖರು ಇರುವುದು ನೀರು ತಂದುಕೊಡಲು ಎಂಬ ಭಾವನೆ ಇನ್ನೂ ಹೋಗಿಲ್ಲ. 50 ಸೀಟಿಗೆ ಒಬ್ಬರಂತೆ ಅವರು ವಿಮಾನದಲ್ಲಿ ಇರಲೇಬೇಕು ಎಂಬ ನಿಯಮವಿರುವುದು ನಮ್ಮ ಜೀವ ಉಳಿಸುವುದಕ್ಕೆ. ಹೊಸ ಮಾದರಿಯ ವಿಮಾನಕ್ಕೆ ಒಪ್ಪಿಗೆ ಸಿಗಬೇಕಾದರೆ ಅರ್ಧದಷ್ಟು ಬಾಗಿಲುಗಳನ್ನು ಮಾತ್ರ ಬಳಸಿ 90 ಸೆಕೆಂಡಿನಲ್ಲಿ ಎಲ್ಲರನ್ನೂ ಹೊರಗೆ ಕಳಿಸಲು ಸಾಧ್ಯವೆಂದು ತೋರಿಸಬೇಕು. ಆ ಕೆಲಸ ಮಾಡಿಸುವವರು ಇವರೇ. ಹೊರಡುವಾಗ ಸೀಟು ನೆಟ್ಟಗೆ, ಟ್ರೇ ಮಡಚಿ, ಕಿಟಕಿಯ ಮುಚ್ಚಳ ಮೇಲೆತ್ತಿ ಎಂದು ಹೇಳುವುದು ಇದಕ್ಕಾಗಿ: ದಾರಿ ತೆರವಾಗಿರಬೇಕು, ಹೊರಗೆ ಬೆಂಕಿ ಇದೆಯೇ ಎಂದು ಕಾಣಬೇಕು. ಅವರು ಬಾಗಿಲು ತೋರಿಸುವ ಎರಡು ನಿಮಿಷ ಮೊಬೈಲು ಕೆಳಗಿಟ್ಟು ನೋಡಿ. ನಿಮ್ಮ ಹಿಂದೆ, ಮುಂದೆ ಎಷ್ಟು ಸಾಲು ದಾಟಿದರೆ ಬಾಗಿಲು ಸಿಗುತ್ತದೆ ಎಂದು ಎಣಿಸಿಕೊಳ್ಳಿ; ಹೊಗೆ ತುಂಬಿದಾಗ ಕಣ್ಣು ಕಾಣುವುದಿಲ್ಲ.

ಕರೆಯುವಾಗ ಚಿಟಿಕೆ ಹೊಡೆಯುವುದು, "ಏಯ್" ಎನ್ನುವುದು, ಮೈಮುಟ್ಟುವುದು ಬೇಡವೇ ಬೇಡ. ತಲೆಯ ಮೇಲಿನ ಗುಂಡಿ ಒತ್ತಿ, ಇಲ್ಲವೇ "ಮೇಡಂ", "ಸರ್" ಎನ್ನಿ. ಕೇಳದೆ ಅವರ ಫೋಟೋ, ವಿಡಿಯೋ ತೆಗೆಯುವುದು ಅಸಭ್ಯ. ಪುಣೆ, ಗೋವಾದ ದಾಬೋಲಿಂ, ಬೀದರ್ ನಿಲ್ದಾಣಗಳು ಸೇನೆಯ ನೆಲದಲ್ಲಿವೆ. ಅಲ್ಲಿ ಕಿಟಕಿಯಿಂದ ಹೊರಗಿನ ಚಿತ್ರವನ್ನೂ ತೆಗೆಯಬಾರದು.

ಊಟ, ಶೌಚ, ಸದ್ದು

ಮನೆಯ ಚಪಾತಿ, ಚಿತ್ರಾನ್ನ, ಮೊಸರನ್ನ ಧಾರಾಳವಾಗಿ ತಿನ್ನಿ. ಕ್ಯಾಬಿನ್ನಿನಲ್ಲಿ ಕಿಟಕಿ ತೆರೆಯಲಾಗದು ಎಂಬುದಷ್ಟೇ ನೆನಪಿರಲಿ. ಒಣಮೀನು, ಹಲಸಿನ ತೊಳೆ, ಹಸಿ ಈರುಳ್ಳಿಯ ವಾಸನೆ ಇಳಿಯುವ ತನಕ ಅಲ್ಲೇ ಸುತ್ತುತ್ತದೆ. ಅತ್ತರು, ಸೆಂಟು ಬಳಿದುಕೊಳ್ಳುವವರಿಗೂ ಇದೇ ಮಾತು. ಪಕ್ಕದವರಿಗೆ ಅಸ್ತಮಾ ಇರಬಹುದು. ತಿಂದ ಮೇಲೆ ಕಾಗದ, ಕಪ್ಪುಗಳನ್ನು ಸೀಟಿನ ಜೇಬಿಗೆ ತುರುಕದೆ, ಕಸ ಒಯ್ಯಲು ಬಂದಾಗ ಕೈಗೆ ಕೊಡಿ. ದೇಶದೊಳಗಿನ ವಿಮಾನಗಳಲ್ಲಿ ಮದ್ಯ ಕೊಡುವುದಿಲ್ಲ. ವಿದೇಶದ ವಿಮಾನದಲ್ಲಿ ಕೊಟ್ಟರೂ ನಿಮ್ಮದೇ ಬಾಟಲಿ ಬಿಚ್ಚಿ ಕುಡಿಯುವಂತಿಲ್ಲ.

ಎಟಿಆರ್‌ನಲ್ಲಿ ಶೌಚಾಲಯ ಒಂದೇ, ದೊಡ್ಡ ವಿಮಾನಗಳಲ್ಲೂ ಬೆರಳೆಣಿಕೆಯಷ್ಟು. ಹೆಚ್ಚಿನ ದೊಡ್ಡ ವಿಮಾನಗಳಲ್ಲಿ ಗಾಳಿಯ ಸೆಳೆತದಿಂದ ಕೊಳವೆ ಖಾಲಿಯಾಗುತ್ತದೆ. ಟಿಶ್ಯೂ ಉಂಡೆ, ಡೈಪರ್, ಪ್ಯಾಡ್ ಹಾಕಿದರೆ ಕಟ್ಟಿಕೊಂಡು ಇಡೀ ಪ್ರಯಾಣಕ್ಕೆ ಬಾಗಿಲು ಮುಚ್ಚಬೇಕಾಗುತ್ತದೆ. ನಮಗೆ ನೀರಿನ ಅಭ್ಯಾಸ, ಅಲ್ಲಿ ಹೆಚ್ಚಾಗಿ ಕಾಗದವೇ. ಒದ್ದೆ ಟಿಶ್ಯೂ ಒಯ್ಯಿರಿ, ಬಳಸಿದ್ದನ್ನು ಕಸದ ಗೂಡಿಗೆ ಹಾಕಿ. ನೆಲ ಒದ್ದೆಯಾದರೆ ಒರೆಸಿ ಬನ್ನಿ. ಒಳಗೆ ಸಿಗರೇಟು ಹಚ್ಚಿದರೆ ಹೊಗೆ ಪತ್ತೆ ಯಂತ್ರ ಕೂಗುತ್ತದೆ, ಇಳಿದ ಮೇಲೆ ಪೊಲೀಸರು ಕಾಯುತ್ತಿರುತ್ತಾರೆ.

ಮೊಬೈಲಿನಲ್ಲಿ ಹಾಡು, ಧಾರಾವಾಹಿ, ರೀಲ್ಸ್ ಏನೇ ಇರಲಿ, ಇಯರ್‌ಫೋನ್ ಹಾಕಿಕೊಂಡೇ ನೋಡಿ. ಮಗುವಿಗೆ ತೋರಿಸುವಾಗಲೂ ಅಷ್ಟೇ. ಇಯರ್‌ಫೋನ್ ಇಲ್ಲದಿದ್ದರೆ ಸದ್ದು ಪೂರ್ತಿ ತೆಗೆಯಿರಿ. ಪಕ್ಕದವರೊಡನೆ ಮಾತಾಡುವುದು ನಮಗೆ ಸಹಜ, "ಯಾವೂರು ನಿಮ್ದು" ಎಂದು ಕೇಳುವುದರಲ್ಲಿ ಎಂಥ ತಪ್ಪೂ ಇಲ್ಲ. ಒಂದೆರಡು ಮಾತಿಗೆ ಅವರು ಚುಟುಕಾಗಿ ಉತ್ತರಿಸಿ ಕಣ್ಣು ಮುಚ್ಚಿದರೆ ಬಿಟ್ಟುಬಿಡಿ.

ಅಳುವ ಮಗು

ವಿಮಾನ ಇಳಿಯತೊಡಗಿದಾಗ ಗಾಳಿಯ ಒತ್ತಡ ಬದಲಾಗಿ ಕಿವಿ ಕಟ್ಟುತ್ತದೆ. ದೊಡ್ಡವರು ಆಕಳಿಸಿ, ಉಗುಳು ನುಂಗಿ ಸರಿಮಾಡಿಕೊಳ್ಳುತ್ತಾರೆ, ಕೂಸಿಗೆ ಅದು ಗೊತ್ತಿಲ್ಲ. ಅದಕ್ಕೇ ಇಳಿಯುವ ಹೊತ್ತಿನಲ್ಲಿ ಮಕ್ಕಳು ಕಿರುಚಿ ಅಳುವುದು. ತಾಯಂದಿರೇ, ಹಾಲುಣಿಸುವುದನ್ನು ಆ ಹೊತ್ತಿಗೆ ಇಟ್ಟುಕೊಳ್ಳಿ, ಚೀಪುವಾಗ ನುಂಗುವುದರಿಂದ ಕಿವಿ ಬಿಡುತ್ತದೆ. ಸ್ವಲ್ಪ ದೊಡ್ಡ ಮಕ್ಕಳಿಗೆ ಗುಟುಕು ಗುಟುಕಾಗಿ ನೀರು ಕೊಡಿ. ಮಗು ಮುಂದಿನ ಸೀಟಿಗೆ ಒದೆಯುತ್ತಿದ್ದರೆ ತಡೆಯುವುದು ಹೆತ್ತವರ ಕೆಲಸ, ಅಳು ಮಾತ್ರ ಯಾರ ಕೈಯಲ್ಲೂ ಇಲ್ಲ. ಅಕ್ಕಪಕ್ಕದವರು ತಿರುಗಿ ದುರುಗುಟ್ಟಿದರೆ ತಾಯಿಗೂ ಅಳು ಬರುತ್ತದೆ. "ಚೀಲ ಹಿಡಿದುಕೊಳ್ಳಲಾ ಅಮ್ಮಾ?" ಎಂಬ ಒಂದು ಮಾತು ಎಷ್ಟೋ ಹಗುರ ಮಾಡುತ್ತದೆ.

ಮಾತು ಜಗಳಕ್ಕೆ ತಿರುಗಿದರೆ

ನೀವೇ ಬಗೆಹರಿಸಲು ಹೋಗಬೇಡಿ, ಸಿಬ್ಬಂದಿಗೆ ಹೇಳಿ. ವಿಮಾನಯಾನದ ಮೇಲ್ವಿಚಾರಣೆ ನಡೆಸುವ ಸರ್ಕಾರಿ ಸಂಸ್ಥೆ ಡಿಜಿಸಿಎ 2017ರಲ್ಲಿ ತಂದ ನಿಯಮದಲ್ಲಿ ಕೆಟ್ಟ ನಡವಳಿಕೆಗೆ ಮೂರು ಹಂತಗಳಿವೆ. ಬೈಗುಳ, ಅಶ್ಲೀಲ ಸನ್ನೆಗೆ ಮೂರು ತಿಂಗಳವರೆಗೆ ಹಾರಾಟ ನಿಷೇಧ. ತಳ್ಳಾಟ, ಹೊಡೆತ, ಕೆಟ್ಟದಾಗಿ ಮುಟ್ಟುವುದಕ್ಕೆ ಆರು ತಿಂಗಳವರೆಗೆ. ಜೀವಕ್ಕೆ ಅಪಾಯ ತರುವ ಕೃತ್ಯಕ್ಕೆ ಕನಿಷ್ಠ ಎರಡು ವರ್ಷ ಹಾರಾಟ ನಿಷೇಧ. ಹೆಣ್ಣುಮಕ್ಕಳಿಗೆ ಪಕ್ಕದವರಿಂದ ಕಿರುಕುಳವಾದರೆ ಸಹಿಸಿಕೊಂಡು ಕೂರಬೇಕಿಲ್ಲ. ಗುಂಡಿ ಒತ್ತಿ, ಸೀಟು ಬದಲಿಸಿಕೊಡಲು ಕೇಳಿ, ಲಿಖಿತ ದೂರು ಕೊಡಿ. ನೋಡಿದವರು ಸಾಕ್ಷಿ ಹೇಳಲು ಹಿಂಜರಿಯಬಾರದು.

ಇಳಿಯುವಾಗ

ಚಕ್ರ ನೆಲ ಮುಟ್ಟಿದ ಕೂಡಲೇ ಕಟಕಟನೆ ಬೆಲ್ಟು ಬಿಚ್ಚುವ ಸದ್ದು ಎಲ್ಲ ವಿಮಾನಗಳಲ್ಲೂ ಕೇಳುತ್ತದೆ. ವಿಮಾನ ಇನ್ನೂ ಓಡುತ್ತಲೇ ಇರುತ್ತದೆ. ಎದುರಿಗೆ ಇನ್ನೊಂದು ವಿಮಾನವೋ ವಾಹನವೋ ಬಂದು ಪೈಲಟ್ ಬ್ರೇಕ್ ಒತ್ತಿದರೆ ನಿಂತವರು ಮುಗ್ಗರಿಸುತ್ತಾರೆ, ತೆರೆದ ಗೂಡಿನ ಪೆಟ್ಟಿಗೆ ಕೂತವರ ತಲೆಯ ಮೇಲೆ ಬೀಳುತ್ತದೆ. ಬೆಲ್ಟಿನ ದೀಪ ಆರುವ ತನಕ ಕೂತಿರಿ. ಆಮೇಲೆ ಮುಂದಿನ ಸಾಲಿನವರು ಮೊದಲು, ಅವರ ಹಿಂದೆ ನೀವು. ಮುಂದಿನ ವಿಮಾನ ಹಿಡಿಯಬೇಕಾದವರು ಬೇಡಿಕೊಂಡರೆ ದಾರಿ ಬಿಡಿ. ಎತ್ತರ ಕಮ್ಮಿ ಇರುವವರ, ವಯಸ್ಸಾದವರ ಚೀಲವನ್ನು ಕೇಳಿ ಇಳಿಸಿಕೊಡಿ. ಏಣಿ ಇಟ್ಟ ಕಡೆ ಹಿಂದಿನ ಬಾಗಿಲೂ ತೆರೆಯುತ್ತದೆ, ಹಿಂದಿನ ಸಾಲಿನವರು ಮುಂದಕ್ಕೆ ನುಗ್ಗದೆ ಹಿಂದಿನಿಂದಲೇ ಇಳಿಯಬಹುದು.

ತುರ್ತಾಗಿ ಇಳಿಯಬೇಕಾಗಿ ಬಂದರೆ ನಿಯಮ ಒಂದೇ: ಯಾವ ಚೀಲವನ್ನೂ ಮುಟ್ಟಬೇಡಿ. 2024ರ ಜನವರಿ 2ರಂದು ಟೋಕಿಯೋದ ಹನೇಡಾದಲ್ಲಿ ಜಪಾನ್ ಏರ್‌ಲೈನ್ಸ್ ವಿಮಾನ ಇನ್ನೊಂದಕ್ಕೆ ಡಿಕ್ಕಿ ಹೊಡೆದು ಹೊತ್ತಿ ಉರಿಯಿತು. ಒಳಗಿದ್ದ 379 ಜನರೂ ಜೀವಸಹಿತ ಹೊರಬಂದರು. ಸಿಬ್ಬಂದಿ ಹೇಳಿದಂತೆ ಕೇಳಿ ಲಗೇಜು ಬಿಟ್ಟು ಬಂದದ್ದು ಅದಕ್ಕೆ ಒಂದು ದೊಡ್ಡ ಕಾರಣ. 2016ರ ಆಗಸ್ಟ್ 3ರಂದು ತಿರುವನಂತಪುರದಿಂದ ಹೋದ ಎಮಿರೇಟ್ಸ್ ವಿಮಾನ ದುಬೈನಲ್ಲಿ ನೆಲಕ್ಕಪ್ಪಳಿಸಿದಾಗ ಹೊಗೆಯ ನಡುವೆ ಕೆಲವರು ಗೂಡಿನಿಂದ ಚೀಲ ಎಳೆಯುತ್ತಿದ್ದುದು ವಿಡಿಯೋದಲ್ಲಿ ದಾಖಲಾಗಿದೆ. ಅಂದೂ ವಿಮಾನದಲ್ಲಿದ್ದ 300 ಜನರೂ ಬದುಕಿದರು, ಆದರೆ ಬೆಂಕಿ ಆರಿಸಲು ಬಂದ ಅಗ್ನಿಶಾಮಕ ಯೋಧರೊಬ್ಬರು ಸ್ಫೋಟದಲ್ಲಿ ಸತ್ತರು. ಪಾಸ್‌ಪೋರ್ಟು, ಮೊಬೈಲು ಜೇಬಿನಲ್ಲಿದ್ದರೆ ಚೀಲದ ಕಡೆ ಕೈ ಹೋಗುವುದಿಲ್ಲ.

ಬೆಲ್ಟಿನ ಬಳಿ

ಎಲ್ಲರೂ ಲಗೇಜ್ ಬೆಲ್ಟಿನಿಂದ ಎರಡು ಹೆಜ್ಜೆ ಹಿಂದೆ ನಿಂತರೆ ಎಲ್ಲರಿಗೂ ಪೆಟ್ಟಿಗೆ ಕಾಣುತ್ತದೆ. ನಿಮ್ಮದು ಬಂದಾಗ ಮುಂದೆ ಬಂದು ಎತ್ತಿಕೊಳ್ಳಿ, ತಳ್ಳುಗಾಡಿಯನ್ನು ಹಿಂದೆಯೇ ನಿಲ್ಲಿಸಿ. ಕಪ್ಪು, ನೀಲಿ ಪೆಟ್ಟಿಗೆಗಳು ಒಂದರಂತೆ ಒಂದಿರುತ್ತವೆ. ಹಿಡಿಕೆಗೆ ಬಣ್ಣದ ದಾರವನ್ನೋ ಹಳೆ ಸೀರೆಯ ಅಂಚನ್ನೋ ಕಟ್ಟಿರಿ. ನಿಲ್ದಾಣದಿಂದ ಹೊರಡುವ ಮುಂಚೆ ಪೆಟ್ಟಿಗೆಗೆ ಅಂಟಿಸಿದ ಚೀಟಿಯ ನಂಬರನ್ನು ನಿಮ್ಮ ಬೋರ್ಡಿಂಗ್ ಪಾಸಿನ ಮೇಲೆ ಅಂಟಿಸಿದ ಚೀಟಿಯದಕ್ಕೆ ಹೋಲಿಸಿ ನೋಡಿ. ಅಪ್ಪಿತಪ್ಪಿ ಬೇರೆಯವರ ಪೆಟ್ಟಿಗೆ ಮನೆಗೆ ಬಂದಿದ್ದರೆ ಬಿಚ್ಚದೆ ಅದೇ ದಿನ ವಿಮಾನ ಸಂಸ್ಥೆಗೆ ಫೋನ್ ಮಾಡಿ. ಅದರಲ್ಲಿ ಅವರ ದಿನದ ಔಷಧಿ ಇರಬಹುದು, ಮರುದಿನದ ಮದುವೆಯ ಸೀರೆ ಇರಬಹುದು.